ಎತ್ತಿ ಬೇರೆ ಕಡೆ ಇಡಬಹುದಾದ ಕಮಾನು ಹಸಿರುಮನೆ: ಮರದ ಚೌಕಟ್ಟು ಮಾಡುವ ಬಗೆ

ಮಲೆನಾಡಿನಲ್ಲಿ ಆರಿದ್ರಾ ಮಳೆ ಹಿಡಿದರೆ ಕೈತೋಟದ ಸೊಪ್ಪಿನ ಕಥೆ ಅಲ್ಲಿಗೆ ಮುಗಿಯಿತು. ಕೊತ್ತಂಬರಿ ಮೊಳೆತ ಹಾಗೇ ಕೊಳೆಯುತ್ತದೆ. ಮೆಂತ್ಯದ ಎಲೆಗೆಲ್ಲ ಮಣ್ಣು ಸಿಡಿದು ಅಂಟಿರುತ್ತದೆ. ಟೊಮೆಟೊ, ಮೆಣಸಿನ ಅಗೆ ಬುಡದಲ್ಲಿ ಕರಗಿ ಮಲಗುತ್ತದೆ. ಇದಕ್ಕೆ ಈಗ ಬಹಳ ಮನೆಗಳಲ್ಲಿ ಪೈಪನ್ನು ಕಮಾನಿನ ಹಾಗೆ ಬಗ್ಗಿಸಿ ಮೇಲೆ ಯುವಿ ಶೀಟು, ಅಂದರೆ ಬಿಸಿಲಿಗೆ ಬೇಗ ಹಾಳಾಗದ ಪ್ಲಾಸ್ಟಿಕ್ ಹಾಳೆ, ಹೊದಿಸುತ್ತಾರೆ. ಅಡಿಕೆ ಒಣಗಿಸಲು ತಂದ ಶೀಟಿನಲ್ಲಿ ಉಳಿದ ತುಂಡೇ ಸಾಕಾಗುತ್ತದೆ. ಮೊದಲ ವರ್ಷ ಬೆಳೆ ಚೆನ್ನಾಗಿಯೇ ಬರುತ್ತದೆ. ತೊಂದರೆ ಶುರುವಾಗುವುದು ಆಮೇಲೆ.

ಪೈಪುಗಳನ್ನು ನೆಲಕ್ಕೆ ಹೂತು ಒಂದೇ ಜಾಗದಲ್ಲಿ ಬಿಟ್ಟರೆ ಆ ಮಣ್ಣಿಗೆ ಮಳೆ ಬೀಳುವುದೇ ಇಲ್ಲ. ಹಾಕಿದ ಗೊಬ್ಬರದ ಉಪ್ಪು ತೊಳೆದು ಹೋಗದೆ ಮೇಲೇ ಉಳಿಯುತ್ತದೆ. ಬೇರಿಗೆ ಗಂಟು ಕಟ್ಟುವ ಜಂತುಹುಳ, ಟೊಮೆಟೊ ಬದನೆಗೆ ಬರುವ ಸೊರಗು ರೋಗ ಅಲ್ಲೇ ಬೇರೂರುತ್ತವೆ. ಮಣ್ಣು ಬದಲಿಸುತ್ತಾ ಕೂರಲು ಯಾರಿಗೆ ಪುರಸೊತ್ತಿದೆ? ಅದಕ್ಕಿಂತ ಹಸಿರುಮನೆಯ ಜಾಗವನ್ನೇ ಬದಲಿಸುವುದು ಸುಲಭ. ಅಮೆರಿಕದ ಮೈನ್ ರಾಜ್ಯದ ಕೃಷಿಕ ಎಲಿಯಟ್ ಕೋಲ್ಮನ್ ಚಳಿಗಾಲದ ತರಕಾರಿಗೆ ಹಸಿರುಮನೆಯನ್ನೇ ಒಂದು ಜಾಗದಿಂದ ಇನ್ನೊಂದಕ್ಕೆ ಸರಿಸುವ ಪದ್ಧತಿಯಿಂದ ಹೆಸರಾದವರು. ಅಲ್ಲಿ ಕಾಟ ಹಿಮದ್ದು, ನಮ್ಮಲ್ಲಿ ಮಳೆಯದ್ದು. ಆದರೆ ಮಣ್ಣಿಗೆ ಬಿಡುವು ಬೇಕು ಅನ್ನುವುದು ಎರಡೂ ಕಡೆ ಒಂದೇ.

ಸರಿಸಬೇಕಾದರೆ ಕಮಾನುಗಳೆಲ್ಲ ಒಂದು ಗಟ್ಟಿ ಚೌಕಟ್ಟಿನ ಮೇಲೆ ನಿಂತಿರಬೇಕು. ಜನ ಶೀಟಿನ ಬಗ್ಗೆ, ಪೈಪಿನ ಬಗ್ಗೆ ಎಷ್ಟು ಬೇಕಾದರೂ ಕೇಳುತ್ತಾರೆ. ಅಡಿಯ ಚೌಕಟ್ಟಿನ ಬಗ್ಗೆ ಕೇಳುವವರು ಕಡಿಮೆ. ನನ್ನ ಪ್ರಕಾರ ಇಡೀ ಕೆಲಸದಲ್ಲಿ ಮುಕ್ಕಾಲು ಪಾಲು ಗಮನ ಅಲ್ಲಿಗೇ ಕೊಡಬೇಕು.

ಮೊದಲು ಮಡಿ, ಆಮೇಲೆ ಮನೆ

ಅಳತೆಯನ್ನು ಪೈಪಿನಿಂದ ಶುರು ಮಾಡಬೇಡಿ, ಮಡಿಯಿಂದ ಶುರು ಮಾಡಿ. ನಾಲ್ಕು ಅಡಿ ಅಗಲ, ಒಂಬತ್ತು ಅಡಿ ಉದ್ದದ ಏರುಮಡಿಗಳನ್ನು ಮಾಡಿಕೊಳ್ಳಿ. ಎರಡಾದರೂ ಬೇಕು, ಮೂರಾದರೆ ಒಳ್ಳೆಯದು. ಎಲ್ಲವೂ ಒಂದೇ ಅಳತೆಯಲ್ಲಿರಲಿ. ಇದೊಂದು ತಪ್ಪಿದರೆ ಚೌಕಟ್ಟು ಒಂದು ಮಡಿಗೆ ಕೂತು ಇನ್ನೊಂದಕ್ಕೆ ಕೂರುವುದಿಲ್ಲ. ಮಡಿಗಳ ನಡುವೆ ನಾಲ್ಕು ಅಡಿಯ ದಾರಿ ಬಿಡಿ. ಇಷ್ಟು ಜಾಗ ಯಾಕೆ ದಂಡ ಅನ್ನಿಸಬಹುದು, ಕಾರಣ ಮುಂದೆ ಹೇಳುತ್ತೇನೆ.

ಈ ಮಡಿಗೆ ಹೊರ ಅಳತೆ ಐದು ಅಡಿ ಅಗಲ, ಹತ್ತು ಅಡಿ ಉದ್ದದ ಚೌಕಟ್ಟು ಸರಿಯಾಗುತ್ತದೆ. ಐದು ಅಡಿ ಅಂದರೆ ಯಾವ ಬದಿಯಿಂದ ಕೈ ಹಾಕಿದರೂ ನಡುವಿನವರೆಗೆ ಮುಟ್ಟುತ್ತದೆ. ಹತ್ತು ಅಡಿ ಅಂದರೆ ಇಬ್ಬರು ಎತ್ತಬಹುದು. ಇದಕ್ಕಿಂತ ದೊಡ್ಡದು ಬೇಕಿದ್ದರೆ ಇಂಥದ್ದೇ ಎರಡು ಮಾಡಿ. ಇಪ್ಪತ್ತು ಅಡಿಯದ್ದೊಂದು ಮಾಡಿಟ್ಟರೆ ಅದನ್ನು ಸರಿಸುವ ದಿನ ಬರುವುದೇ ಇಲ್ಲ.

ಯಾವ ಮರ?

ಹಲಗೆ ಒಂದೂವರೆ ಇಂಚು ದಪ್ಪ, ಆರು ಇಂಚು ಅಗಲ ಇರಲಿ. ಹತ್ತು ಅಡಿಯದ್ದು ಎರಡು. ನಾಲ್ಕು ಅಡಿ ಒಂಬತ್ತು ಇಂಚಿನದ್ದು ಎರಡು. ಅಡ್ಡ ಹಲಗೆಗಳು ಉದ್ದ ಹಲಗೆಗಳ ಒಳಗೆ ಕೂರುವುದರಿಂದ ಎರಡು ಬದಿಯ ದಪ್ಪ ಮೂರು ಇಂಚು ಕಳೆದಿದ್ದು.

ಚೌಕಟ್ಟು ಮಳೆಗಾಲ ಪೂರ್ತಿ ನೆಲಕ್ಕೆ ಹತ್ತಿರವೇ ಇರುತ್ತದೆ. ಹಾಗಾಗಿ ಗೆದ್ದಲು ಮತ್ತು ಕೊಳೆತ, ಎರಡನ್ನೂ ತಡೆಯುವ ಮರ ಬೇಕು. ಸಾಗುವಾನಿ, ಹೊನ್ನೆ, ಹಲಸು ಒಳ್ಳೆಯವು. ಆದರೆ ಚೇಗು, ಅಂದರೆ ಒಳಗಿನ ಗಟ್ಟಿ ತಿರುಳು, ಇರುವ ಭಾಗ ಮಾತ್ರ. ಹೊರಗಿನ ಬಿಳಿ ಭಾಗವನ್ನು ಸಾಗುವಾನಿಯಾದರೂ ಗೆದ್ದಲು ಬಿಡುವುದಿಲ್ಲ. ಮಾವು, ಸಿಲ್ವರ್ ಓಕ್ ಅಗ್ಗಕ್ಕೆ ಸಿಗುತ್ತವೆ. ಆದರೆ ನೆಲದ ಹತ್ತಿರ ಬಾಳಿಕೆ ಕಡಿಮೆ. ಹಾಕುವುದೇ ಆದರೆ ಎಣ್ಣೆ ಬಳಿಯುವ ಕೆಲಸ ವರ್ಷವೂ ತಪ್ಪಿಸಬಾರದು.

ಹಂಚಿನ ಮನೆ ಬಿಚ್ಚಿದ ಕಡೆ ಹಳೆಯ ಪಕಾಸು (ಮಾಡಿನ ಮರ) ಸಿಕ್ಕರೆ ಬಿಡಬೇಡಿ. ಹತ್ತಾರು ವರ್ಷ ಒಣಗಿ ಕೂತ ಮರ, ಇನ್ನು ಅದು ಸೊಟ್ಟ ಆಗುವುದಿಲ್ಲ. ಮೊಳೆ ಉಳಿದಿದೆಯಾ ಎಂದು ನೋಡಿಕೊಂಡು ಗರಗಸ ಹಾಕಿ. ಸಾಮಿಲ್ಲಿನಲ್ಲಿ ಹೊಸದಾಗಿ ಕೊಯ್ಸುವುದಾದರೆ ಮುಂದಿನ ಮಳೆಗಾಲಕ್ಕೆ ಬೇಕಾದ ಹಲಗೆಯನ್ನು ದೀಪಾವಳಿಯ ಹೊತ್ತಿಗೇ ಕೊಯ್ಸಿ. ನೆರಳಿನಲ್ಲಿ, ನಡುನಡುವೆ ರೀಪಿನ ತುಂಡು ಕೊಟ್ಟು, ಗಾಳಿ ಆಡುವ ಹಾಗೆ ಪೇರಿಸಿಡಿ. ಹಸಿ ಹಲಗೆಗೆ ಬೋಲ್ಟು ಹಾಕಿದರೆ ಬೇಸಿಗೆಯಲ್ಲಿ ಅದು ತಿರುಚಿಕೊಂಡು ನಾಲ್ಕು ಮೂಲೆ ನಾಲ್ಕು ಕಡೆ ನೋಡುತ್ತದೆ.

ಎಣ್ಣೆಯ ವಿಷಯ

ನಮ್ಮ ಕಡೆ ಬೇಲಿ ಗೂಟಕ್ಕೆ, ಕೊಟ್ಟಿಗೆ ಕಂಬಕ್ಕೆ ಸುಟ್ಟ ಎಂಜಿನ್ ಆಯಿಲ್ ಬಳಿಯುವುದು ರೂಢಿ. ದಯವಿಟ್ಟು ಇಲ್ಲಿ ಬೇಡ. ಅದರಲ್ಲಿ ಲೋಹದ ಪುಡಿ ಇರುತ್ತದೆ, ಸುಟ್ಟ ಎಣ್ಣೆಯ ವಿಷವಸ್ತುಗಳು ಇರುತ್ತವೆ. ಮಳೆನೀರಿನ ಜೊತೆ ಇಳಿದು ನಾವು ತಿನ್ನುವ ಸೊಪ್ಪಿನ ಬುಡಕ್ಕೇ ಹೋಗುತ್ತವೆ.

ಕರಾವಳಿಯಲ್ಲಿ ದೋಣಿಗೆ, ಮನೆಯ ಮರಕ್ಕೆ ಮೊದಲಿನಿಂದಲೂ ಗೇರೆಣ್ಣೆ ಬಳಿಯುತ್ತಾರೆ. ಗೇರುಬೀಜದ ಸಿಪ್ಪೆಯಿಂದ ತೆಗೆದ ಕಪ್ಪು ಎಣ್ಣೆ ಅದು. ಗೆದ್ದಲಿಗೆ ಒಳ್ಳೆಯ ತಡೆ. ಆದರೆ ಚರ್ಮಕ್ಕೆ ತಾಗಿದರೆ ಸುಟ್ಟ ಹಾಗೆ ಬೊಬ್ಬೆ ಏಳುತ್ತದೆ. ಕೈಗವಸು, ಉದ್ದ ತೋಳಿನ ಅಂಗಿ ಇಲ್ಲದೆ ಮುಟ್ಟಬೇಡಿ. ಮಕ್ಕಳು ಹತ್ತಿರ ಬಾರದ ಹಾಗೆ ನೋಡಿಕೊಳ್ಳಿ. ಪೂರ್ತಿ ಒಣಗಿದ ಮೇಲಷ್ಟೇ ಚೌಕಟ್ಟು ಜೋಡಿಸಿ. ಗೇರೆಣ್ಣೆ ಸಿಗದಿದ್ದರೆ ಪೇಂಟ್ ಅಂಗಡಿಯಲ್ಲಿ ಸಿಗುವ ಅಗಸೆ ಎಣ್ಣೆ ಆಗುತ್ತದೆ. ಅದನ್ನು ತೆಳುವಾಗಿ ಎರಡು ಮೂರು ಸಲ, ಒಂದು ಒಣಗಿದ ಮೇಲೆ ಇನ್ನೊಂದು, ಬಳಿಯಬೇಕು. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅದು ತಾನಾಗಿ ಬಿಸಿಯಾಗಿ ಬೆಂಕಿ ಹತ್ತಿಕೊಳ್ಳಬಲ್ಲದು. ಹೊರಗೆ ಬಿಡಿಸಿ ಹರವಿ, ಇಲ್ಲವೇ ನೀರಿನ ಬಕೆಟ್ಟಿಗೆ ಹಾಕಿ.

ಎಣ್ಣೆ ಬಳಿಯುವುದು ಹಲಗೆ ಕತ್ತರಿಸಿ, ತೂತು ಕೊರೆದ ಮೇಲೆ. ಕತ್ತರಿಸಿದ ತುದಿಗಳಿಗೆ, ತೂತಿನ ಒಳಗೆ ಎಣ್ಣೆ ಜಾಸ್ತಿ ಬೇಕು. ನೀರು ಮರದೊಳಗೆ ಹೋಗುವುದು ಮುಖದಿಂದ ಕಡಿಮೆ, ತುದಿಯಿಂದ ಹೆಚ್ಚು.

ಮೂಲೆ ಗಟ್ಟಿಯಾದರೆ ಎಲ್ಲವೂ ಗಟ್ಟಿ

ಒಂದೇ ಕಡೆ ಇರುವ ಚೌಕಟ್ಟಿಗೆ ಮೊಳೆ ಹೊಡೆದರೂ ನಡೆಯುತ್ತದೆ. ಎತ್ತಿ ಇಡುವ ಚೌಕಟ್ಟಿಗೆ ನಡೆಯುವುದಿಲ್ಲ. ಮಳೆಗಾಲದಲ್ಲಿ ಮರ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ, ಮೊಳೆ ಸಡಿಲವಾಗುತ್ತದೆ. ಆಮೇಲೆ ಒಂದು ಸಲ ಎತ್ತಿದರೆ ಸಾಕು, ಕಿತ್ತು ಬರುತ್ತದೆ. ಬೋಲ್ಟಾದರೆ ಸ್ಪ್ಯಾನರ್ ಹಿಡಿದು ಮತ್ತೆ ಬಿಗಿ ಮಾಡಬಹುದು, ಅಲ್ವಾ?

ಪ್ರತಿ ಮೂಲೆಯ ಒಳಗೆ ಎರಡೂವರೆ ಇಂಚು ಚೌಕದ, ಆರು ಇಂಚು ಎತ್ತರದ ಮರದ ತುಂಡು ನಿಲ್ಲಿಸಿ. ಉದ್ದ ಹಲಗೆಯಿಂದ ಎರಡು ಬೋಲ್ಟು, ಅಡ್ಡ ಹಲಗೆಯಿಂದ ಎರಡು ಬೋಲ್ಟು ಈ ತುಂಡಿನ ಮೂಲಕ ಹೋಗಬೇಕು. ಎಂಟು ಎಂಎಂ ದಪ್ಪ, ಐದು ಇಂಚು ಉದ್ದದ ಜಿಐ (ಸತು ಲೇಪಿಸಿದ ಕಬ್ಬಿಣದ) ಬೋಲ್ಟು ಸಾಕು. ನಾಲ್ಕು ಮೂಲೆಗೆ ಒಟ್ಟು ಹದಿನಾರು. ಎರಡು ಕಡೆಯ ಬೋಲ್ಟುಗಳು ತುಂಡಿನ ಒಳಗೆ ಒಂದಕ್ಕೊಂದು ಅಡ್ಡ ಬರಬಾರದು. ಉದ್ದ ಹಲಗೆಯಲ್ಲಿ ಮೇಲಂಚಿನಿಂದ ಒಂದು ಮತ್ತು ನಾಲ್ಕು ಇಂಚಿಗೆ ತೂತು ಹಾಕಿ. ಅಡ್ಡ ಹಲಗೆಯಲ್ಲಿ ಎರಡು ಮತ್ತು ಐದು ಇಂಚಿಗೆ. ಎರಡೂ ಬದಿಗೆ ಅಗಲವಾದ ವಾಷರ್ ಕೊಡಿ, ಇಲ್ಲದಿದ್ದರೆ ಬಿಗಿದಷ್ಟೂ ನಟ್ಟು ಮರದೊಳಗೆ ಇಳಿಯುತ್ತದೆ.

ಬಿಗಿಯುವ ಮೊದಲು ಮೂಲೆ ನೇರ ಇದೆಯೇ ನೋಡಬೇಕು. ಮೂಲೆಮಟ್ಟ ಇಲ್ಲದಿದ್ದರೂ ತೊಂದರೆಯಿಲ್ಲ. ಟೇಪ್ ಹಿಡಿದು ಎದುರು ಬದುರು ಮೂಲೆಗಳ ಅಳತೆ ತೆಗೆಯಿರಿ. ಹೊರಮೂಲೆಯಿಂದ ಹೊರಮೂಲೆಗೆ ಹನ್ನೊಂದು ಅಡಿ ಎರಡು ಇಂಚು ಬರಬೇಕು. ಎರಡೂ ಕಡೆ ಒಂದೇ ಬಂದರೆ ಚೌಕಟ್ಟು ನೇರವಾಗಿದೆ. ಒಂದು ಕಡೆ ಜಾಸ್ತಿ ಬಂದರೆ ಆ ಎರಡು ಮೂಲೆಗಳನ್ನು ಒಳಕ್ಕೆ ಒತ್ತಿ ಸರಿಮಾಡಿ, ಆಮೇಲೆ ನಟ್ಟು ಬಿಗಿಯಿರಿ.

ಇನ್ನು ಓರೆಪಟ್ಟಿ. ಪ್ರತಿ ಮೂಲೆಯ ಮೇಲೆ, ಎರಡೂ ಹಲಗೆಗಳಲ್ಲಿ ಮೂಲೆಯಿಂದ ಒಂದು ಅಡಿ ದೂರಕ್ಕೆ ತಾಗುವ ಹಾಗೆ ಅಡ್ಡಡ್ಡ ಒಂದು ಪಟ್ಟಿ ಸ್ಕ್ರೂ ಮಾಡಿ. ಎತ್ತುವಾಗ ಇಬ್ಬರ ಕೈ ಒಂದೇ ಸಮ ಇರುವುದಿಲ್ಲ. ಒಂದು ಮೂಲೆ ಮೇಲೆ ಹೋಗುತ್ತದೆ, ಇನ್ನೊಂದು ಹಿಂದೆ ಉಳಿಯುತ್ತದೆ. ಚೌಕಟ್ಟು ಓರೆಯಾಗುವುದೇ ಆವಾಗ. ಅದನ್ನು ತಡೆಯುವುದು ಈ ಚಿಕ್ಕ ಪಟ್ಟಿ.

ಉದ್ದ ಹಲಗೆಗಳ ನಡುವೆ ಇನ್ನೊಂದು ಅಡ್ಡ ಹಲಗೆ ಹಾಕಿದರೆ ಇನ್ನೂ ಗಟ್ಟಿ ಅಲ್ಲವೇ ಎಂದು ಆಚಾರಿಗಳು ಹೇಳುವುದುಂಟು. ಬೇಡ. ಅದು ಸರಿಯಾಗಿ ಮಡಿಯ ನಡುವೆ ಬಂದು ಕೂರುತ್ತದೆ, ಸರಿಸುವಾಗ ಗಿಡ ಮುರಿಯುತ್ತದೆ. ಅದರ ಬದಲು ಒಂದು ಜಿಐ ತಂತಿಯನ್ನು ಎರಡೂ ಬದಿಯ ಹಲಗೆಯ ನಡುವಿಗೆ ಕೊಕ್ಕೆಯಿಂದ ಸಿಕ್ಕಿಸಿ. ಕಮಾನುಗಳು ಹಲಗೆಯನ್ನು ಹೊರಕ್ಕೆ ತಳ್ಳುವುದನ್ನು ಅಷ್ಟೇ ತಡೆದರೆ ಸಾಕು. ಸರಿಸುವ ದಿನ ಕೊಕ್ಕೆ ಬಿಚ್ಚಬಹುದು.

ಕೊನೆಗೆ ಅಡಿಪಟ್ಟಿ. ಉದ್ದ ಹಲಗೆಗಳ ಕೆಳಗೆ ಒಂದು ಇಂಚು ದಪ್ಪದ ಪಟ್ಟಿಯನ್ನು ಕೆಳಗಿನಿಂದ ಸ್ಕ್ರೂ ಮಾಡಿ, ಅದರ ಎರಡೂ ತುದಿಯನ್ನು ಮೇಲ್ಮುಖವಾಗಿ ಓರೆ ಕೆತ್ತಿ. ನೆಲಕ್ಕೆ ಉಜ್ಜುವುದು, ಮೊದಲು ಕೊಳೆಯುವುದು ಈ ಪಟ್ಟಿ. ಅದು ಹಾಳಾದರೆ ಅದನ್ನಷ್ಟೇ ಬದಲಿಸಿ. ಮುಖ್ಯ ಹಲಗೆ ಉಳಿಯುತ್ತದೆ. ಚೌಕಟ್ಟು ಕೂರುವ ಕಡೆ ನಾಲ್ಕು ಮೂಲೆಗೂ, ಉದ್ದದ ನಡುವಿಗೂ ಜಂಬಿಟ್ಟಿಗೆಯ ಚಪ್ಪಟೆ ತುಂಡು ಇಟ್ಟರೆ ಮರ ಮಣ್ಣಿಗೆ ತಾಗುವುದೇ ಇಲ್ಲ.

ಕಮಾನು ಕೂರಿಸುವುದು

ಮುಕ್ಕಾಲು ಇಂಚಿನ, ಗೋಡೆ ದಪ್ಪ ಇರುವ ಪಿವಿಸಿ ಪೈಪು ತನ್ನಿ. ಇಪ್ಪತ್ತು ಅಡಿಯ ಮೂರು ಪೈಪನ್ನು ಅರ್ಧರ್ಧ ಮಾಡಿದರೆ ಹತ್ತು ಅಡಿಯ ಆರು ತುಂಡು. ಐದು ಕಮಾನಿಗೆ, ಒಂದು ಮೇಲಿನ ಬೆನ್ನಿಗೆ. ಏನೂ ಉಳಿಯುವುದಿಲ್ಲ, ಏನೂ ಸಾಲದೆ ಹೋಗುವುದಿಲ್ಲ.

ಮೊದಲ ಕಮಾನು ತುದಿಯಿಂದ ಐದು ಇಂಚು ಒಳಗೆ, ಮೂಲೆತುಂಡು ದಾಟಿದ ಕೂಡಲೇ ಬರಲಿ. ಕೊನೆಯದೂ ಹಾಗೆಯೇ. ಉಳಿದ ಮೂರನ್ನು ನಡುವೆ ಸಮನಾಗಿ ಹಂಚಿದರೆ ಒಂದರಿಂದ ಒಂದಕ್ಕೆ ಇಪ್ಪತ್ತೇಳೂವರೆ ಇಂಚು ಬರುತ್ತದೆ. ಪೈಪಿನ ತುದಿಯನ್ನು ಹಲಗೆಯ ಒಳಮುಖಕ್ಕೆ, ಕೆಳಗಿನಿಂದ ಒಂದು ಇಂಚು ಬಿಟ್ಟು, ಎರಡು ಸ್ಯಾಡಲ್ ಕ್ಲಾಂಪಿನಿಂದ ಹಿಡಿಸಿ. ಕೆಳಗಿನ ಕ್ಲಾಂಪಿನ ಹತ್ತಿರ ಪೈಪಿನ ಮೂಲಕ ಒಂದು ಸ್ಕ್ರೂ ಕೊಡಿ. ಇಲ್ಲದಿದ್ದರೆ ಗಾಳಿಗೆ ಪೈಪು ಕ್ಲಾಂಪಿನಿಂದ ಮೇಲಕ್ಕೆ ಜಾರುತ್ತದೆ. ಒಂದು ಬದಿ ಎಲ್ಲ ಹಿಡಿಸಿ, ಆಮೇಲೆ ಬಗ್ಗಿಸಿ ಇನ್ನೊಂದು ಬದಿ. ಬೆಳಗಿನ ತಂಪಿನಲ್ಲಿ ಪೈಪು ಬಿರುಸಾಗಿರುತ್ತದೆ. ಸ್ವಲ್ಪ ಹೊತ್ತು ಬಿಸಿಲಿಗೆ ಹಾಕಿದರೆ ಸುಲಭವಾಗಿ ಬಗ್ಗುತ್ತದೆ. ನೆಲದಿಂದ ಕಮಾನಿನ ನೆತ್ತಿಗೆ ಮೂರೂವರೆ ಅಡಿಗಿಂತ ತುಸು ಜಾಸ್ತಿ ಎತ್ತರ ಸಿಗುತ್ತದೆ. ಬೆನ್ನಿನ ಪೈಪನ್ನು ಕಮಾನುಗಳ ಕೆಳಗಿನಿಂದ ಕಟ್ಟಿ, ಶೀಟಿಗೆ ಗಂಟು ತಾಗಬಾರದು.

ಪಿವಿಸಿ ಪೈಪಿಗೆ ತಾಗಿದ ಕಡೆ ಪಾಲಿಥೀನ್ ಶೀಟು ಬೇಗ ಹಾಳಾಗುತ್ತದೆ. ಶೀಟು ಹೊದಿಸುವ ಮೊದಲು ಪೈಪಿನ ಹೊರಮೈಗೆ ಬಿಳಿ ಎಮಲ್ಷನ್ ಪೇಂಟ್ ಒಂದು ಕೈ ಹೊಡೆದರೆ ಬಾಳಿಕೆ ಹೆಚ್ಚುತ್ತದೆ. ಪ್ಲಾಸ್ಟಿಕ್ ಪೈಪೇ ಬೇಡ ಅನ್ನುವವರು ಬಿದಿರು ಸೀಳು ಬಳಸಬಹುದು. ಕೆಲವು ವಾರ ನೀರಿನಲ್ಲಿ ನೆನೆಸಿದ ಬಿದಿರಿಗೆ ಹುಳ ಕಡಿಮೆ ಬೀಳುತ್ತದೆ.

ಹೊದಿಕೆ

200 ಮೈಕ್ರಾನ್ ಯುವಿ ಶೀಟು, ಹನ್ನೆರಡು ಅಡಿ ಉದ್ದ, ಹನ್ನೆರಡು ಅಡಿ ಅಗಲ. ನೀಲಿ ಟಾರ್ಪಾಲು ಬೇಡ, ಬೆಳಕು ಸಾಲದೆ ಗಿಡ ಸೊರಗಿ ಉದ್ದವಾಗುತ್ತದೆ. ಒಂದು ಬದಿಯನ್ನು ಉದ್ದ ಹಲಗೆಯ ಹೊರಮುಖಕ್ಕೆ ತಂದು ಮೇಲೆ ರೀಪು ಇಟ್ಟು ಸ್ಕ್ರೂ ಮಾಡಿ. ಶೀಟಿಗೆ ನೇರವಾಗಿ ಮೊಳೆ ಹೊಡೆದರೆ ಮೊದಲ ಗಾಳಿಗೇ ಅಲ್ಲಿಂದ ಹರಿಯುತ್ತದೆ. ಇನ್ನೊಂದು ಬದಿಯನ್ನು, ಇದಕ್ಕೆಂದೇ ಬೇರೆ ತಂದ ಒಂದು ಪೈಪಿಗೆ ಸುತ್ತಿ, ಹಳೆಯ ಸೈಕಲ್ ಟ್ಯೂಬಿನ ಪಟ್ಟಿಯಿಂದ ಹಲಗೆಗೆ ಕಟ್ಟಿ. ನೀರು ಹಾಕುವಾಗ, ಕಳೆ ತೆಗೆಯುವಾಗ ಆ ಬದಿ ಸುತ್ತಿ ಮೇಲೆತ್ತಿದರಾಯಿತು. ಎರಡೂ ತುದಿಗಳಲ್ಲಿ ಒಂದೊಂದು ಅಡಿ ಮುಂದೆ ಚಾಚಿಕೊಳ್ಳುತ್ತದೆ, ಅದು ಇರಲಿ. ತುದಿಗಳನ್ನು ಪೂರ್ತಿ ಮುಚ್ಚಬೇಡಿ, ಬಲೆ ಇಳಿಬಿಡಿ. ಮಲೆನಾಡಿನಲ್ಲಿ ಈ ಮನೆಯ ಕೆಲಸ ಮಳೆ ತಡೆಯುವುದು, ಬೆಚ್ಚಗೆ ಇಡುವುದಲ್ಲ. ಗಾಳಿ ಆಡದಿದ್ದರೆ ಒಳಗೆ ಬೂಷ್ಟು ಬರುತ್ತದೆ.

ಶೀಟು ಚೆನ್ನಾಗಿ ಎಳೆದು ಬಿಗಿಯಾಗಿರಲಿ. ಸಡಿಲ ಬಿಟ್ಟ ಕಡೆ ನೀರು ನಿಂತು ಹೊಟ್ಟೆ ಬಿಡುತ್ತದೆ.

ಗಾಳಿ ಮತ್ತು ಸೂರಿನ ನೀರು

ಇಡೀ ಮನೆ ಸುಮಾರು ನಲವತ್ತೈದು ಕೆಜಿ ತೂಗುತ್ತದೆ. ಇಬ್ಬರು ಎತ್ತಬಹುದಾದ ಭಾರ. ಅಂದರೆ ಗಾಳಿಗೂ ಅದು ಭಾರವಲ್ಲ. ಮಲೆನಾಡಿನಲ್ಲಿ ಮರಗಳ ಮರೆ ಇರುತ್ತದೆ. ಹಾವೇರಿ, ಗದಗದ ಕಡೆ ಬಯಲಿನಲ್ಲಿ ಆಷಾಢದ ಗಾಳಿಗೆ ಸಿಕ್ಕರೆ ಪಕ್ಕದ ಹೊಲದಲ್ಲಿ ಹುಡುಕಬೇಕಾಗುತ್ತದೆ. ಹನ್ನೆರಡು ಎಂಎಂ ಕಬ್ಬಿಣದ ಸರಳನ್ನು ಎರಡೂವರೆ ಅಡಿ ಉದ್ದ ಕತ್ತರಿಸಿ, ತಲೆ ಬಗ್ಗಿಸಿ, ನಾಲ್ಕು ಮೂಲೆಯ ಹೊರಗೆ ಓರೆಯಾಗಿ ಹೊಡೆಯಿರಿ. ತಲೆ ಮನೆಯಿಂದ ಆಚೆಗೆ ವಾಲಿರಬೇಕು. ಹಲಗೆಗೆ ಕೊಂಡಿ ಹಾಕಿ ಹಗ್ಗದಿಂದ ಗೂಟಕ್ಕೆ ಬಿಗಿಯಿರಿ. ಶೀಟಿನ ಮೇಲೆಯೂ ಕಮಾನುಗಳ ನಡುವೆ ಹಗ್ಗ ಅಡ್ಡಡ್ಡ ಹಾಯಲಿ. ಮಳೆಗೆ ನೆಲ ಮೆತ್ತಗಾದ ಮೇಲೆ ಗೂಟ ಸಡಿಲವಾಗುತ್ತದೆ. ವಾರಕ್ಕೊಮ್ಮೆ ಕಾಲಿನಲ್ಲಿ ಒತ್ತಿ ನೋಡಿ.

ನೀರಿನ ಲೆಕ್ಕ ಬಹಳ ಜನ ಹಾಕುವುದೇ ಇಲ್ಲ. ಐವತ್ತು ಚದರ ಅಡಿಯ ಈ ಮನೆಯ ಮೇಲೆ 100 ಮಿ.ಮೀ. ಮಳೆ ಬಿದ್ದರೆ ಸುಮಾರು 465 ಲೀಟರ್ ನೀರು. ಪ್ರತಿ ಬದಿಗೆ 230 ಲೀಟರಿನಷ್ಟು. ವರ್ಷಕ್ಕೆ ಏಳು ಸಾವಿರ ಮಿ.ಮೀ. ಆಸುಪಾಸು ಮಳೆ ಕಾಣುವ ಆಗುಂಬೆಯಂಥ ಕಡೆ ಒಂದೇ ದಿನಕ್ಕೆ ಇಷ್ಟು ಬೀಳುವುದು ದೊಡ್ಡ ಮಾತಲ್ಲ. ಆ ನೀರೆಲ್ಲ ಹಲಗೆಯ ಬುಡಕ್ಕೇ ಸುರಿಯುತ್ತದೆ. ಮಣ್ಣು ಕೊರೆದು, ಕೆಸರು ಸಿಡಿದು, ಕೊನೆಗೆ ಒಳಗೇ ನುಗ್ಗುತ್ತದೆ. ಹಾಗಾಗಿ ಎರಡೂ ಬದಿಯಲ್ಲಿ, ಹಲಗೆಯಿಂದ ಸ್ವಲ್ಪ ಆಚೆಗೆ, ಇಳಿಜಾರು ಕೊಟ್ಟು ಬಸಿಗಾಲುವೆ ತೆಗೆಯಿರಿ. ಸೂರಿನ ನೀರು ಬೀಳುವ ಕಡೆ ದರಕು (ಒಣಗಿದ ಎಲೆ) ದಪ್ಪಗೆ ಹಾಸಿ.

ಹೊರಗೆ ಹೊಯ್ಯುವ ಮಳೆ ನೋಡಿ ಒಳಗೂ ನೀರಿದೆ ಅಂದುಕೊಳ್ಳಬೇಡಿ. ಆಳದಲ್ಲಿ ಮಣ್ಣು ಹಸಿ ಇರುತ್ತದೆ, ಮೇಲಿನ ಎರಡು ಇಂಚು ಒಣಗಿರುತ್ತದೆ. ಎಳೆ ಅಗೆಯ ಬೇರು ಇರುವುದು ಅಲ್ಲೇ. ಬೆರಳು ಚುಚ್ಚಿ ನೋಡಿ ನೀರು ಕೊಡಿ.

ಸರಿಸುವ ಬಗೆ

ಅಡ್ಡ ಹಲಗೆಗಳಿಗೆ ಎರಡೆರಡು ತೂತು ಹಾಕಿ ದಪ್ಪ ನೈಲಾನ್ ಹಗ್ಗದ ಹಿಡಿಕೆ ಕಟ್ಟಿ. ಎತ್ತುವುದು ಹಿಡಿಕೆಯಿಂದ, ಕಮಾನಿನಿಂದ ಅಲ್ಲ. ಮಡಿಯಲ್ಲಿ ಗಿಡ ಗೇಣುದ್ದ ಇದ್ದರೆ ಇಬ್ಬರು ನೇರ ಎತ್ತಿ ದಾಟಿಸಬಹುದು. ಚಕ್ರ ಹಾಕಿದರೆ ಹೇಗೆ ಎಂದು ಕೇಳುತ್ತಾರೆ. ನಮ್ಮ ಮಳೆಗಾಲದ ಕೆಸರಿನಲ್ಲಿ ಚಕ್ರ ಹೂತುಕೊಳ್ಳುತ್ತದೆ, ಸುಮ್ನೆ ಖರ್ಚು. ದೂರ ಎಳೆಯಬೇಕಿದ್ದರೆ ನೆಲಕ್ಕೆ ಅಡಿಕೆ ದಬ್ಬೆ (ಅಡಿಕೆ ಮರದ ಸೀಳು) ಉದ್ದಕ್ಕೆ ಹಾಸಿ. ಒದ್ದೆ ದಬ್ಬೆಯ ಮೇಲೆ ಅಡಿಪಟ್ಟಿ ಸಲೀಸಾಗಿ ಜಾರುತ್ತದೆ.

ಗಿಡ ಎತ್ತರ ಬೆಳೆದಿದ್ದರೆ ಬೇರೆ ಉಪಾಯ. ಗೂಟದ ಹಗ್ಗ, ನಡುವಿನ ತಂತಿ, ತುದಿಗಳ ಬಲೆ ಎಲ್ಲ ಬಿಚ್ಚಿ. ಒಂದು ಉದ್ದ ಬದಿಯನ್ನು ನೆಲಕ್ಕೆ ಊರಿ, ಇನ್ನೊಂದು ಬದಿಯನ್ನು ಪೆಟ್ಟಿಗೆಯ ಮುಚ್ಚಳ ತೆರೆದ ಹಾಗೆ ಮೇಲಕ್ಕೆತ್ತಿ. ಚೌಕಟ್ಟು ಒಂದು ಬದಿಯ ಮೇಲೆ ಎದ್ದು ನಿಲ್ಲುತ್ತದೆ, ಕಮಾನು ಆಚೆಯ ದಾರಿಯ ಕಡೆಗೆ ಹೊರಳುತ್ತದೆ. ಗಿಡಕ್ಕೆ ಏನೂ ತಾಗುವುದಿಲ್ಲ. ನಾಲ್ಕು ಅಡಿ ದಾರಿ ಬಿಡಿ ಎಂದಿದ್ದು ಇದಕ್ಕೇ. ಮೂಲೆಗಳಲ್ಲಿ ಓರೆಪಟ್ಟಿ ಇರುವ ಕಡೆ ಮಾತ್ರ ಎತ್ತರದ ಗಿಡ ಬೇಡ, ಪುದೀನ ಅಥವಾ ಪಾಲಕ್ ಹಾಕಿ. ಹಾಗೇ ನಿಲ್ಲಿಸಿಕೊಂಡು ತುದಿಗೊಬ್ಬರು ಹಿಡಿದು ಮುಂದಿನ ಮಡಿಗೆ ಒಯ್ಯಿರಿ. ಗಾಳಿ ಇಲ್ಲದ ಹೊತ್ತು ನೋಡಿ ಈ ಕೆಲಸ ಮಾಡಬೇಕು, ಬೆಳಗ್ಗೆ ಬೇಗ ಅನುಕೂಲ.

ಯಾವಾಗ ಎಲ್ಲಿ ಇಡಬೇಕು ಅನ್ನುವುದಕ್ಕೆ ಒಂದು ಲೆಕ್ಕ ಹೇಳುತ್ತೇನೆ. ಮೇ ಕೊನೆಗೆ ಒಂದನೇ ಮಡಿಯ ಮೇಲೆ ಇಡಿ, ಕೊತ್ತಂಬರಿ, ಮೆಂತ್ಯ, ಪಾಲಕ್ ಬಿತ್ತಿ. ಆಶ್ಲೇಷ ಮಳೆ ಕಳೆದ ಮೇಲೆ ಎರಡನೇ ಮಡಿಗೆ ಸರಿಸಿ ಹೂಕೋಸು, ಎಲೆಕೋಸು, ಟೊಮೆಟೊ ಅಗೆ ಎಬ್ಬಿಸಿ. ಆ ಹೊತ್ತಿಗೆ ಒಂದನೇ ಮಡಿಗೆ ಉಳಿದ ಮಳೆ ಬಿದ್ದು ಮಣ್ಣು ತೊಳೆಯುತ್ತದೆ. ಅಲ್ಲಿ ಸೆಣಬು ಬಿತ್ತಿ, ಹೂ ಬರುವ ಹೊತ್ತಿಗೆ ಮಣ್ಣಿಗೆ ಸೇರಿಸಿ. ಮುಂದಿನ ಮಳೆಗಾಲ ಶುರುವಾಗುವುದು ಮೂರನೇ ಮಡಿಯಿಂದ. ಟೊಮೆಟೊ, ಬದನೆ, ಮೆಣಸಿನಕಾಯಿ ಒಂದೇ ಕುಲದವು. ಒಂದು ಬಂದ ಮಡಿಗೆ ಇನ್ನೊಂದನ್ನು ಕೂಡಲೇ ತರಬೇಡಿ. ಸೊರಗು ರೋಗ ಬಂದ ಮಡಿಯಾದರೆ ಆ ಕುಲದ ಗಿಡವೇ ಕೆಲವು ವರ್ಷ ಬೇಡ.

ಚಳಿಗಾಲದಲ್ಲಿ ಮಲೆನಾಡಿಗೆ ಹೊದಿಕೆಯ ಅಗತ್ಯವಿಲ್ಲ. ಶೀಟು ಬಿಚ್ಚಿ, ತೊಳೆದು, ಒಣಗಿಸಿ, ಇಲಿ ಹೋಗದ ಕಡೆ ಸುತ್ತಿಡಿ. ಮಾರ್ಚಿನಲ್ಲಿ ಅದೇ ಚೌಕಟ್ಟಿಗೆ ಶೇಕಡಾ 50ರ ನೆರಳುಬಲೆ ಹಾಕಿದರೆ ಬೇಸಿಗೆಯಲ್ಲೂ ಸೊಪ್ಪು ಬೆಳೆಯುತ್ತದೆ. ಅಂಗಳಕ್ಕೆ ತಂದು ಶೀಟು ಹಾಕಿ ಒಳಗೆ ಚಾಪೆ ಹಾಸಿದರೆ ಹಪ್ಪಳ ಸಂಡಿಗೆಗೂ ಆಯಿತು. ದೂಳಿಲ್ಲ, ಕಾಗೆಯ ಕಾಟವಿಲ್ಲ. ಹಾಗೆ ಅಂಗಳಕ್ಕೆ ತಂದಾಗಲೇ ಚೌಕಟ್ಟು ಮಗುಚಿ ಹಾಕಿ ಬೋಲ್ಟು ಬಿಗಿ ಮಾಡಿ. ಅಡಿಪಟ್ಟಿಗೆ ಚಾಕುವಿನ ತುದಿ ಚುಚ್ಚಿ ನೋಡಿ. ಮೆತ್ತಗೆ ಒಳಹೋದರೆ ಪಟ್ಟಿ ಬದಲಿಸಿ, ಹಲಗೆಗೆ ಇನ್ನೊಂದು ಕೈ ಎಣ್ಣೆ ಬಳಿಯಿರಿ. ಏಪ್ರಿಲ್ ಕೊನೆಯೊಳಗೆ ಇದು ಮುಗಿದರೆ ಮಳೆಗೆ ಮೊದಲು ಎಣ್ಣೆ ಒಣಗಲು ಸಮಯ ಸಿಗುತ್ತದೆ.